ಖಾಲಿ ಬಾರದ ತಟ್ಟೆ

ನಮ್ಮ ಮನೆಯ ಸ್ಟೀಲ್ ತಟ್ಟೆಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಅಂಚಿನಲ್ಲಿ ಅಮ್ಮನ ಹೆಸರು ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು: ಎಸ್ತರ್. ಅಮ್ಮನ ಮದುವೆಗೆ ಅವಳ ತಾಯಿ ಕೊಟ್ಟ ತಟ್ಟೆ ಅದು. ಮಾರನೇ ವರ್ಷವೇ ಆ ತಾಯಿ ತೀರಿಹೋದರು. ಹಾಗಾಗಿ ತವರಿನದು ಅಂತ ಅಮ್ಮನ ಹತ್ತಿರ ಉಳಿದದ್ದು ಅದೊಂದೇ. ಆದರೂ ನಮ್ಮ ಮನೆಯವರು ಯಾರೂ ಅದರಲ್ಲಿ ಉಂಡಿದ್ದು ನನಗೆ ನೆನಪಿಲ್ಲ. ಅದರ ಕೆಲಸವೇ ಬೇರೆಯಿತ್ತು. ನಮ್ಮ ಮನೆಗೂ ಓನರ್ ಪಿಳ್ಳಮ್ಮನ ಮನೆಗೂ ನಡುವೆ ಓಡಾಡುವುದು. ಕ್ರಿಸ್‌ಮಸ್ಸಿಗೆ ಕಲ್‌ಕಲ್, ಕರ್ಜಿಕಾಯಿ, ಕೇಕು ತುಂಬಿಕೊಂಡು ಹೋಗುತ್ತಿತ್ತು. ತಿರುಗಿ ಬರುವಾಗ ಅದರಲ್ಲಿ ಅವರೇಕಾಯಿ ಇರುತ್ತಿತ್ತು, ಇಲ್ಲವೇ ಒಂದಚ್ಚು ಬೆಲ್ಲ, ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆ. ಖಾಲಿ ತಟ್ಟೆ ಮಾತ್ರ ಆ ಮನೆಯಿಂದ ಬಂದದ್ದೇ ಇಲ್ಲ. ಪಾತ್ರೆ ಬರಿದಾಗಿ ಕೊಡಬಾರದು ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ ಮಾತೇ. ಪಿಳ್ಳಮ್ಮನಿಗೆ ಅದು ಬರೀ ಬಾಯಿಮಾತಾಗಿರಲಿಲ್ಲ. ಯಾರ ಮದುವೆಗೆ ಯಾರು ಏನು ಮುಯ್ಯಿ ಮಾಡಿದರು, ಅದನ್ನು ಯಾವ ನಾಮಕರಣದಲ್ಲಿ ಒಂದು ಕೈ ಮೇಲಾಗಿ ತಿರುಗಿಸಿದ್ದಾಯಿತು ಅನ್ನುವುದೆಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ತಗೊಂಡದ್ದನ್ನು ತಿರುಗಿಸದ ಮನೆ ಅಂದರೆ ಅವಳ ಲೆಕ್ಕದಲ್ಲಿ ಮರ್ಯಾದೆ ಬಿಟ್ಟ ಮನೆ.

ಬೇಗೂರು ರಸ್ತೆಯಿಂದ ಒಳಕ್ಕೆ, ಪಿಳ್ಳಮ್ಮನ ಹೆಂಚಿನ ಮನೆಯ ಹಿತ್ತಲಲ್ಲಿ ಸಾಲಾಗಿ ಕಟ್ಟಿದ ಶೀಟಿನ ಮನೆಗಳಲ್ಲಿ ಕೊನೆಯದು ನಮ್ಮದು. ಉಳಿದವುಗಳಲ್ಲಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು ಬರುತ್ತಿದ್ದರು, ಒಂದಷ್ಟು ಕಾಲ ಇದ್ದು ಹೋಗುತ್ತಿದ್ದರು. ತಳವೂರಿದವರು ನಾವು ಮಾತ್ರ. ಅಪ್ಪ ಹೊಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಟರ್ನರ್. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಒಂದು ನಡುಮನೆ, ಅದರ ಹಿಂದೆ ಒಬ್ಬರು ತಿರುಗಿದರೆ ಇನ್ನೊಬ್ಬರು ಹೊರಗೆ ಬರಬೇಕಾದಂಥ ಅಡುಗೆಮನೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಶೀಟು ಕಾದು ಒಳಗೆ ಕೂರಲಾಗದೆ ಅಮ್ಮ ಹೊಲಿಗೆ ಮೆಷಿನನ್ನು ಬಾಗಿಲಿಗೆ ಎಳೆದುಕೊಳ್ಳುತ್ತಿದ್ದಳು. ಹಿತ್ತಲಿಗೆಲ್ಲ ಸೇರಿ ಒಂದೇ ಬಚ್ಚಲುಮನೆ. ಅದರಲ್ಲಿ ಗೋಡೆಗೆ ಸೇರಿಸಿ ಕೂರಿಸಿದ ತಾಮ್ರದ ಹಂಡೆ, ಅದಕ್ಕೆ ಸೌದೆ ಒಟ್ಟುವ ಒಲೆಯ ಬಾಯಿ ಹೊರಗಡೆ, ಅದರ ಪಕ್ಕ ಬಟ್ಟೆ ಒಗೆಯುವ ಕಲ್ಲು. ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಪಿಳ್ಳಮ್ಮನ ಸೀಮೆಹಸು ಗೌರಿಯ ಮುಖ. ನಾವು ಅನ್ನ ಬಸಿಯುವ ವಾಸನೆಗೆ ಅದು ಕಿಟಕಿಯ ಸರಳಿಗೆ ಮೂತಿ ಒತ್ತಿ ನಿಲ್ಲುತ್ತಿತ್ತು. ಅಮ್ಮ ಗಂಜಿ ತೋರಿಸುತ್ತಿದ್ದಳು, ಅದು ಸೊರ್ ಅಂತ ಎಳೆಯುತ್ತಿತ್ತು.

ಆ ಮನೆಯಲ್ಲಿ ಅಮ್ಮನಿಗೆ ಇದ್ದ ಆಸೆ ಒಂದೇ. ಸ್ವಂತ ಮನೆಯೂ ಅಲ್ಲ, ಒಡವೆಯೂ ಅಲ್ಲ. ಪಿಳ್ಳಮ್ಮ ಯೇಸುಸ್ವಾಮಿಯ ವಿಷಯ ಕೇಳಬೇಕು, ಕೇಳಿ ತನ್ನದಾಗಿ ಮಾಡಿಕೊಳ್ಳಬೇಕು. ಪಿಳ್ಳಮ್ಮ ಕೆಟ್ಟವಳು, ಅವಳನ್ನು ತಿದ್ದಬೇಕು ಅನ್ನುವ ಯೋಚನೆ ಅಮ್ಮನಿಗೆ ಬಂದದ್ದಿಲ್ಲ. ನೇರವಾಗಿಯೇ ಅಪ್ಪನಿಗೆ ಹೇಳುತ್ತಿದ್ದಳು:

"ಆಯಮ್ಮನಷ್ಟು ಒಳ್ಳೆಯೋರನ್ನ ನಾನು ನಮ್ಮ ಚರ್ಚಿನ ಸಭೆಯಲ್ಲೂ ಕಂಡಿಲ್ಲ ಕಣ್ರೀ. ಅಂಥೋರಿಗೆ ಇದು ತಪ್ಪಿಹೋಗ್ಬಾರ್ದು."

ಅಪ್ಪನಿಗೆ ಹೆದರಿಕೆ. ಓನರ್‌ಗೆ ಬೇಜಾರಾಗಿ ಮನೆ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗುವುದು, ಯಾರಾದರೂ ಬಂದು ಗಲಾಟೆ ಎಬ್ಬಿಸಿದರೆ ಏನು ಮಾಡುವುದು. ಹೆದರಿಕೆಯನ್ನು ತಮಾಷೆಯಲ್ಲಿ ಮುಚ್ಚಿ ಆಡುವುದು ಅವರ ಅಭ್ಯಾಸ.

"ಕೋಣನ ಮುಂದೆ ಕಿನ್ನರಿ ಬಾರಿಸ್ತಿದ್ದೀಯ ನೀನು."

"ಬಾರಿಸೋದು ನನ್ನ ಕೆಲಸ," ಅನ್ನುತ್ತಿದ್ದಳು ಅಮ್ಮ, ಹಲ್ಲಲ್ಲಿ ದಾರ ಕಚ್ಚಿ ಹರಿಯುತ್ತ. "ತಲೆ ಆಡಿಸೋದು ಬಿಡೋದು ಕೋಣಕ್ಕೆ ಬಿಟ್ಟಿದ್ದು."

ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಪ್ರಾರ್ಥನೆ ಇರುತ್ತಿತ್ತು. ಸಭೆಯಿಂದ ಇಬ್ಬರು ಮೂವರು ಹೆಂಗಸರು ಬರುತ್ತಿದ್ದರು, ಹಾಡು, ವಾಕ್ಯ ಓದು, ಪ್ರಾರ್ಥನೆ, ಆಮೇಲೆ ಟೀ. ಬಾಗಿಲ ಹತ್ತಿರ ಅಮ್ಮ ಒಂದು ಹೊಸ ಚಾಪೆ ಬಿಡಿಸಿ ಖಾಲಿ ಬಿಡುತ್ತಿದ್ದಳು. ಅದು ಪಿಳ್ಳಮ್ಮನದು. ಕರೆಯಲು ಹೋದರೆ ಪಿಳ್ಳಮ್ಮ, ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಮನೆ ಬಿಟ್ಟು ಎಂಗೆ ಬರ್ಲವ್ವ, ಅಂದಳು. ನ್ಯಾಯವಾದ ಮಾತು. ಅಮ್ಮ ಪ್ರಾರ್ಥನೆಯನ್ನೇ ಗುರುವಾರಕ್ಕೆ ತಿರುಗಿಸಿದಳು. ಸಭೆಯ ಹೆಂಗಸರು ಗೊಣಗಿದರು, ಪಾಸ್ಟರ್ ಅಯ್ಯನವರು ಯಾಕಮ್ಮ ಅಂತ ಕೇಳಿದರು, ಅಮ್ಮ ಜಗ್ಗಲಿಲ್ಲ. ಗುರುವಾರ ಕರೆಯಲು ಹೋದರೆ, ಆಲು ಕರೆಯೋ ಹೊತ್ತು ಕಣವ್ವ, ಅಂದಳು ಪಿಳ್ಳಮ್ಮ. ಹಾಲು ಕರೆಯುವ ಹೊತ್ತು ವಾರದ ಎಲ್ಲ ದಿನವೂ ಅದೇ. ಅಪ್ಪ ಇದನ್ನು ಕೇಳಿ ಊಟ ಮಾಡುತ್ತಿದ್ದವರು ಕೆಮ್ಮುವಷ್ಟು ನಕ್ಕರು. ಚಾಪೆ ಮಾತ್ರ ಗುರುವಾರ ಗುರುವಾರ ಬಾಗಿಲ ಹತ್ತಿರ ಬಿಡಿಸಿಯೇ ಇತ್ತು, ಅದರ ಮೇಲೆ ಕೂರಲು ಹೋದರೆ ನನ್ನ ಬೆನ್ನಿಗೆ ಬೀಳುತ್ತಿತ್ತು.

ಪಿಳ್ಳಮ್ಮ ಮನೆಗೆ ಬರದಿದ್ದರೆ ಅಮ್ಮ ಒಗೆಯುವ ಕಲ್ಲಿಗೆ ಹೋಗುತ್ತಿದ್ದಳು. ಅಲ್ಲಿ ತಪ್ಪಿಸಿಕೊಳ್ಳುವಂತಿಲ್ಲ, ಬಟ್ಟೆ ಮುಗಿಯಬೇಕಲ್ಲ. ಅಮ್ಮ ಹೇಳುವ ಕಥೆಗಳನ್ನು ಪಿಳ್ಳಮ್ಮ ಪೂರ್ತಿ ಕೇಳುತ್ತಿದ್ದಳು, ನಡುವೆ ಹೂಂಗುಟ್ಟುತ್ತಿರಲಿಲ್ಲ, ಬೇಡ ಅಂತಲೂ ಹೇಳುತ್ತಿರಲಿಲ್ಲ. ಮುಗಿದ ಮೇಲೆ, ನಲ್ಲೀಲಿ ನೀರ್ ಬಂತಾ ನೋಡು, ಅನ್ನುತ್ತಿದ್ದಳು. ಅಷ್ಟೇ. ಒಂದೇ ಒಂದು ಸಲ ಅವಳು ಬಾಯಿ ಬಿಟ್ಟದ್ದು ನನಗೆ ನೆನಪಿದೆ. ಅಪ್ಪನ ಆಸ್ತಿಯಲ್ಲಿ ತನ್ನ ಪಾಲು ತಗೊಂಡು ಹೋಗಿ ಎಲ್ಲ ಹಾಳುಮಾಡಿ ಹಂದಿ ಕಾಯ್ದು ತಿರುಗಿ ಬಂದ ಕಿರಿಮಗನನ್ನು ಅಪ್ಪ ಅಪ್ಪಿಕೊಂಡು ಹಬ್ಬದೂಟ ಹಾಕಿಸಿದ ಕಥೆ ಅದು. ಅಮ್ಮ ಅದನ್ನು ಹೇಳುವಾಗ ಯಾವಾಗಲೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದಳು. ಪಿಳ್ಳಮ್ಮ ಸೀರೆ ಹಿಂಡುತ್ತ ಕೇಳಿದಳು:

"ದೊಡ್ಡ ಮಗ ಏನಂದ?"

ಅವನಿಗೆ ಕೋಪ ಬಂತು, ಇಷ್ಟು ವರ್ಷ ದುಡಿದವನು ನಾನು, ನನಗೇನು ಕೊಟ್ಟೆ ಅಂತ ಒಳಗೆ ಬರಲಿಲ್ಲ ಅಂದಳು ಅಮ್ಮ.

"ಸರಿಯಾಗೇ ಅಂದ," ಅಂದಳು ಪಿಳ್ಳಮ್ಮ. "ಉತ್ತೋನು ಅವ್ನು, ಉಂಡೋನು ಇವ್ನು. ಇದ್ಯಾವ ನ್ಯಾಯ?"

ಅಮ್ಮ ಅಲ್ಲಿಗೇ ಬಿಡಬಹುದಿತ್ತು. ಬಿಡುವ ಜಾಯಮಾನವಲ್ಲ ಅವಳದು, ಉಡದ ಪಟ್ಟು. ದೇವರು ನ್ಯಾಯ ನೋಡಿ ಕೊಟ್ಟರೆ ನಮ್ಮಲ್ಲಿ ಯಾರಿಗೆ ಏನು ದಕ್ಕುತ್ತದೆ ಅಕ್ಕ, ಅವನು ಪುಕ್ಕಟೆ ಕೊಡುತ್ತಾನೆ, ನಾವು ಏನೂ ತಿರುಗಿ ಕೊಡಬೇಕಾಗಿಲ್ಲ, ಕೈ ಚಾಚಿದರೆ ಸಾಕು ಅಂದಳು. ಅಮ್ಮನ ಮಟ್ಟಿಗೆ ಅದಕ್ಕಿಂತ ದೊಡ್ಡ ಸಂತೋಷದ ಸುದ್ದಿ ಇನ್ನೊಂದಿಲ್ಲ. ಪಿಳ್ಳಮ್ಮ ಹಿಂಡಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದಳು.

"ಪುಕ್ಸಟ್ಟೆ ಬಂದಿದ್ದು ನಮ್ಮನೇಲಿ ಯಾರೂ ತಗಂಡಿಲ್ಲ ಎಸ್ತ್ರಮ್ಮ. ಕೈ ಚಾಚೋ ವಂಸ ಅಲ್ಲ ನಮ್ದು."

ಅವಳು ಅದನ್ನು ಬಿರುಸಾಗಿ ಹೇಳಲಿಲ್ಲ. ಆದರೆ ಅಮ್ಮ ಅರ್ಧ ಒಗೆದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು. ಯಾವ ಮಾತನ್ನು ಅವಳು ಬಂಗಾರ ಅಂದುಕೊಂಡಿದ್ದಳೋ ಅದು ಆ ಮನೆಯಲ್ಲಿ ಬೈಗುಳವಾಗಿತ್ತು.

ಅದಾದ ಮೇಲೆ ನಡೆದದ್ದು ತಂಬಿಟ್ಟಿನ ಗಲಾಟೆ. ಬೇಸಿಗೆಯಲ್ಲಿ ಊರಮ್ಮನಿಗೆ ತಂಬಿಟ್ಟಿನ ಆರತಿ ಮಾಡುವುದು ಪಿಳ್ಳಮ್ಮನ ಮನೆಯ ಪದ್ಧತಿ. ಅಕ್ಕಿಹಿಟ್ಟಿಗೆ ಬೆಲ್ಲದ ಪಾಕ ಹಾಕಿ ಕಲಸಿ, ಗೋಪುರದ ಹಾಗೆ ಮಾಡಿ, ಮೇಲೆ ತುಪ್ಪದ ದೀಪ ಹಚ್ಚಿ ಹೆಂಗಸರು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾರೆ. ಬಂದ ಮೇಲೆ ಅದನ್ನು ಮುರಿದು ಮನೆಮನೆಗೆ ಹಂಚುತ್ತಾರೆ. ಆ ವರ್ಷ ಅಮ್ಮನ ಹೆಸರಿನ ತಟ್ಟೆ ಅವರ ಮನೆಯಲ್ಲೇ ಉಳಿದಿತ್ತು. ಪಿಳ್ಳಮ್ಮ ಅದರಲ್ಲಿ ಎರಡು ದೊಡ್ಡ ಉಂಡೆ ಇಟ್ಟು ತಾನೇ ತಂದು ಕೊಟ್ಟಳು. ನಮ್ಮದು ಕಟ್ಟುನಿಟ್ಟಿನ ಮನೆ, ಬೇರೆ ದೇವರಿಗೆ ಎಡೆ ಮಾಡಿದ್ದನ್ನು ತಿನ್ನುವಂತಿರಲಿಲ್ಲ. ನನ್ನ ಮೂಗಿಗೆ ಏಲಕ್ಕಿಯ ಘಮ ಬಡಿದು ಬಾಯಲ್ಲಿ ನೀರೂರುತ್ತಿತ್ತು, ಅಮ್ಮನ ಮುಖ ನೋಡಿ ಸುಮ್ಮನಾದೆ. ಅಮ್ಮನಿಗೆ ಅದನ್ನು ಚೆಲ್ಲಲೂ ಮನಸ್ಸು ಬರಲಿಲ್ಲ. ಅನ್ನ ಅನ್ನವೇ, ಹೊಟ್ಟೆಗೆ ಸೇರಬೇಕು. ಅಡುಗೆಮನೆಯ ಕಿಟಕಿ ತೆರೆದಳು. ಗೌರಿ ಮೂತಿ ಒತ್ತಿಕೊಂಡು ನಿಂತೇ ಇತ್ತು. ಎರಡೂ ಉಂಡೆಯನ್ನು ಕೊಟ್ಟಳು, ಮೂಕಪ್ರಾಣಿ ತಿಂದರೆ ಯಾರಿಗೂ ನೋವಿಲ್ಲ ಅಂತ ತನಗೆ ತಾನೇ ಹೇಳಿಕೊಂಡಳು. ಸಂಜೆ ಹಾಲು ಕರೆಯಲು ಬಂದ ಪಿಳ್ಳಮ್ಮ ನೋಡಿದರೆ ಹಸುವಿನ ಮೂಗಿನ ತುಂಬ ತುಪ್ಪ ಮೆತ್ತಿದ ತಂಬಿಟ್ಟು, ಬಾನಿಯಲ್ಲಿ ಇನ್ನೊಂದು ಚೂರು.

ಅವಳು ಕೂಗಾಡಲಿಲ್ಲ. ಬಂದು ನಮ್ಮ ಹೊಸ್ತಿಲ ಆಚೆ ನಿಂತಳು.

"ನಾನ್ ನಿಂಗ್ ಕೊಟ್ಟೆ. ನೀನು ನನ್ ಗೌರೀಗೆ ಕೊಟ್ಟೆ."

"ಅಕ್ಕ, ನಮ್ಮಲ್ಲಿ ಎಡೆ ಮಾಡಿದ್ದು ತಿನ್ನಲ್ಲ. ಬಿಸಾಕೋಕೆ ಮನಸ್ಸು ಬರ್ಲಿಲ್ಲ."

"ನಿನ್ ಕೇಕಿಗೆ ನೀನು ಪ್ರಾರ್ಥ್ನೆ ಮಾಡಿ ತಾನೆ ಕಳ್ಸೋದು? ನಾನು ಯಾವತ್ತಾನ ಕೇಳಿದ್ನಾ? ತಿಂದೆ. ಮಕ್ಳಿಗೂ ತಿನ್ನಿಸ್ದೆ. ನೀನು ಕೊಟ್ಟಿದ್ದೆಲ್ಲ ನಾವು ತಗಬೇಕು, ನಾವು ಕೊಟ್ಟಿದ್ದು ನಿಂಗಾಗಲ್ಲ. ಇದ್ಯಾವ ಸೀಮೆ ದೇವ್ರು ಎಸ್ತ್ರಮ್ಮ ನಿಮ್ದು?"

ಪಿಳ್ಳಮ್ಮ ಹೊರಟುಹೋದಳು. ಆಮೇಲೆ ಮಾತು ನಿಂತಿತು. ಮನೆ ಬಿಡಿ ಅಂತ ಅವಳು ಹೇಳಲಿಲ್ಲ, ನೀರು ಬಿಡುವುದರಲ್ಲಿ ಕೈ ಹಿಡಿಯಲಿಲ್ಲ, ನಮ್ಮ ಕಡೆ ನೋಡುವುದನ್ನು ಬಿಟ್ಟಳು ಅಷ್ಟೇ. ಒಗೆಯುವ ಕಲ್ಲಿಗೆ ಅಮ್ಮ ಬಂದರೆ ಪಿಳ್ಳಮ್ಮ ಬಕೆಟ್ಟು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಅಪ್ಪ ಈ ಸಲ ಕೋಣ ಕಿನ್ನರಿ ಅನ್ನಲಿಲ್ಲ. ಸಾಕು ಬಿಡು ಇನ್ನು, ಇರೋ ನೆಮ್ಮದೀನೂ ಹೋಯ್ತು, ಅಂದರು. ಅಮ್ಮ ಗುರುವಾರ ಚಾಪೆ ಬಿಡಿಸಿದಳು. ಮುಂದಿನ ಗುರುವಾರವೂ ಬಿಡಿಸಿದಳು. ಕ್ರಿಸ್‌ಮಸ್ಸು ಬಂತು, ತುಂಬು ಬಸುರಿಯಾಗಿದ್ದ ಅಮ್ಮ ಒಲೆಯ ಮುಂದೆ ಕೂತು ಕರ್ಜಿಕಾಯಿ ಕರಿದು, ತಟ್ಟೆ ತುಂಬಿ ನನ್ನ ಕೈಯಲ್ಲಿ ಕೊಟ್ಟಳು. ನನಗೆ ಸಿಟ್ಟು ಬಂದಿತ್ತು, ಮಾತಾಡಿಸದವರ ಮನೆಗೆ ಯಾಕೆ ಕೊಡಬೇಕು ಅಂದೆ.

"ಅವರು ಮಾತಾಡಿಸ್ತಾರೆ ಅಂತ ಕೊಡ್ತಿದ್ವಾ ಇಷ್ಟು ದಿನ, ನಿಮ್ಮಿ? ಹೋಗು."

ಪಿಳ್ಳಮ್ಮ ನನ್ನ ಮುಖ ನೋಡದೆ ತಟ್ಟೆ ತಗೊಂಡು ಒಳಗೆ ಹೋದಳು. ಜಗಳದಲ್ಲೂ ಪದ್ಧತಿ ಪದ್ಧತಿಯೇ: ತಟ್ಟೆಯಲ್ಲಿ ಒಂದು ತೆಂಗಿನಕಾಯಿ ಇಟ್ಟು ಬಾಗಿಲ ಹೊರಗಿನಿಂದಲೇ ಕೊಟ್ಟಳು.

ನನ್ನ ತಮ್ಮ ಹುಟ್ಟಿದ್ದು ಅದರ ಬೆನ್ನಿಗೇ. ಬಾಣಂತನಕ್ಕೆ ಬರುತ್ತೇನೆ ಅಂದಿದ್ದ ನಮ್ಮ ಅತ್ತೆ ಕಾಲು ಮುರಿದುಕೊಂಡು ಕೋಲಾರದಲ್ಲೇ ಉಳಿದರು. ಅಮ್ಮನಿಗೆ ತಾಯಿ ಇಲ್ಲ. ಸಭೆಯ ಹೆಂಗಸರು ಆಸ್ಪತ್ರೆಗೆ ಬಂದು ಪ್ರಾರ್ಥನೆ ಮಾಡಿ, ಹಾರ್ಲಿಕ್ಸ್ ಕೊಟ್ಟು ಹೋದರು, ಅವರಿಗೂ ಅವರವರ ಮನೆ ಇತ್ತು. ಆಸ್ಪತ್ರೆಯಿಂದ ಬಂದ ಮಾರನೇ ಬೆಳಿಗ್ಗೆ ಅಪ್ಪ ಬಾಣಲೆಯಲ್ಲಿ ಬೆಳ್ಳುಳ್ಳಿ ಹುರಿಯಲು ಹೋಗಿ ಕರಕಲು ಮಾಡಿದರು. ಹೊಗೆಗೆ ಮಗು ಅತ್ತಿತು, ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಆಗ ಪಿಳ್ಳಮ್ಮ ಬಂದಳು. ಅಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟದವಳು ಸೀದಾ ಒಳಗೆ ಬಂದು, ಬಾಣಲೆ ಇಳಿಸಿ ಕಿಟಕಿ ತೆರೆದಳು, ಅಪ್ಪನಿಗೆ ನೀನ್ ಕೆಲ್ಸಕ್ಕೆ ಓಗಪ್ಪ ಅಂದಳು. ಅವಳ ಸೊಂಟದಲ್ಲಿ ಹರಳೆಣ್ಣೆಯ ಸೀಸೆ ಸಿಕ್ಕಿಸಿತ್ತು.

"ಏಳು. ಎಣ್ಣೆ ಹಚ್ತೀನಿ."

"ಬೇಡ ಅಕ್ಕ. ನಿಮಗ್ಯಾಕೆ ತೊಂದ್ರೆ."

"ತೊಂದ್ರೆ ಅಂತ ನಾನಂದ್ನಾ? ಕೊಡಾಕ್ ಬರ್ತದೆ ನಿಂಗೆ, ತಗಳಾಕೆ ಬರಲ್ಲ. ಅದೇ ನಿನ್ ಕಾಯ್ಲೆ. ಏಳು."

ಅಮ್ಮ ಎದ್ದಳು. ಅವತ್ತಿನಿಂದ ದಿನಾ ಅದೇ ನಡೆಯಿತು. ಬೆಳಗಾದರೆ ಹಂಡೆಯ ಒಲೆಗೆ ಸೌದೆ ಒಟ್ಟುವುದು ನನ್ನ ಕೆಲಸ. ನೀರು ಕುದಿ ಬಂದ ಮೇಲೆ ಪಿಳ್ಳಮ್ಮ ಅಮ್ಮನನ್ನು ಬಚ್ಚಲಿಗೆ ಕರೆದೊಯ್ದು, ಮೈಗೆಲ್ಲ ಎಣ್ಣೆ ತಿಕ್ಕಿ, ಕೈ ತಾಳದಷ್ಟು ಬಿಸಿ ನೀರನ್ನು ಸೊಂಟಕ್ಕೆ, ಬೆನ್ನಿಗೆ ಎರಚಿ ಎರಚಿ ಹುಯ್ಯುತ್ತಿದ್ದಳು. ಆಮೇಲೆ ಸಾಂಬ್ರಾಣಿ ಹೊಗೆ, ಹೊಟ್ಟೆಗೆ ಹಳೇ ಸೀರೆಯ ಬಿಗಿ ಕಟ್ಟು, ತಲೆಗೆ ಬಟ್ಟೆ, ಕಿವಿಗೆ ಹತ್ತಿ. ಊಟಕ್ಕೆ ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದು, ಕೆನ್ನೆಗೆ ದೃಷ್ಟಿಯಾಗದಿರಲಿ ಅಂತ ಕಪ್ಪು ಬೊಟ್ಟು ಇಟ್ಟಳು. ನಮ್ಮ ಮನೆಯಲ್ಲಿ ಅದೂ ಇರಲಿಲ್ಲ. ಅಮ್ಮ ಬಾಯಿ ತೆರೆದಳು, ಪಿಳ್ಳಮ್ಮನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಅಮ್ಮ ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಒಂದು ಬೆಳಿಗ್ಗೆ ನಾನು ಒಲೆಯ ಬಾಯಲ್ಲಿ ಕೂತು ತೆಂಗಿನ ಗರಿ ತುರುಕುತ್ತಿದ್ದೆ. ಗೋಡೆಯ ಆಚೆ ಬಚ್ಚಲಲ್ಲಿ ಅಮ್ಮ ಅಳುತ್ತಿರುವುದು ಕೇಳಿಸಿತು. ನೋವಿಗೆ ಅಳುವುದು ಬೇರೆ, ಇದು ಬೇರೆ.

"ಯಾಕವ್ವ, ನೀರು ಸುಡ್ತದಾ?" ಅಂದಳು ಪಿಳ್ಳಮ್ಮ.

"ಇಲ್ಲ ಅಕ್ಕ. ಇದಕ್ಕೆ ನಾನು ಏನ್ ಮುಯ್ಯಿ ಮಾಡ್ಲಿ? ಯಾವತ್ತು ತೀರಿಸ್ಲಿ? ನಿಮ್ಮ ಮಗಳ ಬಾಣಂತನ ಮಾಡ್ಲಾ? ಮಾಡಿದ್ರೂ ಸಮ ಆಗಲ್ಲ."

"ಬಾಣಂತನಕ್ಕೆ ಮುಯ್ಯಿ ಇಲ್ಲ ಕಣೇ ಹುಚ್ಚಿ," ಅಂದಳು ಪಿಳ್ಳಮ್ಮ. "ಅದೊಂದಕ್ಕೆ ಇಲ್ಲ. ಎತ್ತವ್ವ ಮಾಡೋ ಕೆಲ್ಸ ಇದು. ಎತ್ತವ್ವಂಗೆ ಯಾರಾನ ತಿರುಗಿಸ್ತಾರಾ? ಮಾಡಿಸ್ಕಬೇಕು, ಅಷ್ಟೆ."

ಒಳಗೆ ಮತ್ತೆ ನೀರು ಹುಯ್ಯುವ ಸದ್ದು. ಆಮೇಲೆ ಅಮ್ಮನ ಧ್ವನಿ ಬಂತು. ಒದ್ದೆಯಾದ, ಆದರೆ ನನಗೆ ಚೆನ್ನಾಗಿ ಗೊತ್ತಿದ್ದ, ಪಟ್ಟು ಬಿಡದ ಆ ಹಳೇ ಧ್ವನಿ.

"ಅಕ್ಕ, ಇದೇ. ನಾನು ಇಷ್ಟು ವರ್ಷ ನಿಮಗೆ ಹೇಳೋಕೆ ಒದ್ದಾಡ್ತಿದ್ದದ್ದು ಇದೇ. ಪುಕ್ಕಟೆ ಅನ್ನೋ ಮಾತು ತಪ್ಪು, ನನಗೆ ಬೇರೆ ಮಾತು ಗೊತ್ತಿರ್ಲಿಲ್ಲ. ಯೇಸುಸ್ವಾಮಿ ನಮಗೆ ಮಾಡಿದ್ದು ಬಾಣಂತನ. ತಿರುಗಿಸೋಕೆ ಬರಲ್ಲ, ಮಾಡಿಸ್ಕೋಬೇಕು ಅಷ್ಟೆ."

ನೀರು ಹುಯ್ಯುವ ಸದ್ದು ನಿಂತಿತು. ನಾನು ಗರಿ ತುರುಕುವುದನ್ನು ನಿಲ್ಲಿಸಿದೆ. ಚೊಂಬು ಹಂಡೆಯ ಅಂಚಿಗೆ ತಗುಲಿದ ಶಬ್ದ ಕೇಳಿಸಿತು.

"ತಲೆ ಬಗ್ಸು," ಅಂದಳು ಪಿಳ್ಳಮ್ಮ. "ಸೀಗೆಪುಡಿ ಕಣ್ಗೋಯ್ತದೆ."

ಸಂಜೆ ಅಪ್ಪ ಬಂದಾಗ ಅಮ್ಮ ಇದನ್ನೆಲ್ಲ ಹೇಳಿದಳು. ಕೋಣ ತಲೆ ಆಡಿಸ್ತಾ, ಅಂತ ಕೇಳಿದರು ಅಪ್ಪ. ಇಲ್ಲ ಅಂದಳು ಅಮ್ಮ, ಆದ್ರೆ ಒಂದು ಗಳಿಗೆ ನೀರು ಹುಯ್ಯೋದು ನಿಲ್ಸಿದ್ರು ಕಣ್ರೀ. ಅವಳ ಮುಖದಲ್ಲಿ ಅಂಥ ಸಂತೋಷವಿತ್ತು. ಆ ಒಂದು ಗಳಿಗೆಯ ಮೇಲೆ ಅವಳು ಮುಂದಿನ ಎಷ್ಟೋ ವರ್ಷ ಬದುಕಿದಳು ಅಂದರೆ ನೀವು ನಗಬಾರದು. ನಾನು ಆಗ ನಕ್ಕಿದ್ದೆ, ಈಗ ನಗುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಮತ್ತೆ ತಂಬಿಟ್ಟಿನ ಆರತಿ ಬಂತು. ಪಿಳ್ಳಮ್ಮ ಬೆಳಿಗ್ಗೆ ಸ್ನಾನ ಮಾಡಿ, ಇನ್ನೂ ಕೂದಲು ಒಣಗುವ ಮುಂಚೆಯೇ ತಟ್ಟೆ ಹಿಡಿದುಕೊಂಡು ಬಂದಳು. ಆರತಿ ಹೊರಡುವುದು ಹೊತ್ತೇರಿದ ಮೇಲೆ.

"ಇದು ಊರಮ್ಮಂಗೆ ತೋರ್ಸಿಲ್ಲ. ಇಟ್ಟು ಕಲಸ್ದಾಗ್ಲೇ ನಿಮ್ ಪಾಲು ಎತ್ತಿಟ್ಬಿಟ್ಟೆ. ಈಗಾನ ತಿಂತೀಯೋ, ಗೌರೀನ ಕರೀಲೋ?"

ದೇವರಿಗಿಂತ ಮೊದಲು ನಮಗೆ ಎತ್ತಿಡುವುದು ಆ ಮನೆಯಲ್ಲಿ ಸಣ್ಣ ವಿಷಯವಲ್ಲ. ಅವಳ ಅತ್ತೆ ಬದುಕಿದ್ದರೆ ಮನೆಯಿಂದ ಆಚೆ ಹಾಕುತ್ತಿದ್ದರು. ಅಮ್ಮ ಹೊಸ್ತಿಲಲ್ಲಿ ನಿಂತೇ ಒಂದು ಉಂಡೆ ಪೂರ್ತಿ ತಿಂದಳು, ಬೆರಳು ನೆಕ್ಕಿದಳು. ಪಿಳ್ಳಮ್ಮ ಅಮ್ಮ ತಿಂದು ಮುಗಿಸುವವರೆಗೂ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತ ನಿಂತಿದ್ದಳು. ಆಮೇಲೆ ಪ್ರತಿ ವರ್ಷ ನಮ್ಮ ಪಾಲು ಬೆಳಿಗ್ಗೆಯೇ ಬರುತ್ತಿತ್ತು.

ಇಷ್ಟಾದರೂ ಪಿಳ್ಳಮ್ಮ ಗುರುವಾರದ ಪ್ರಾರ್ಥನೆಗೆ ಒಂದು ದಿನವೂ ಬರಲಿಲ್ಲ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಚಾಪೆ ಖಾಲಿಯೇ ಇತ್ತು. ಅಮ್ಮ ಒಗೆಯುವ ಕಲ್ಲಿನ ಹತ್ತಿರ ಹೇಳುವುದನ್ನು ಬಿಡಲಿಲ್ಲ, ಪಿಳ್ಳಮ್ಮ ಮುಗಿದ ಮೇಲೆ ನೀರಿನ ವಿಷಯ ತೆಗೆಯುವುದನ್ನು ಬಿಡಲಿಲ್ಲ. ಬದಲಾದದ್ದು ಅಮ್ಮ. ಮೊದಲು ಹೇಳಿ ಎದ್ದು ಬರುತ್ತಿದ್ದವಳು ಈಗ ಹೇಳಿ ಅಲ್ಲೇ ಕೂತು ಪಿಳ್ಳಮ್ಮನ ಮಾತು ಕೇಳುತ್ತಿದ್ದಳು. ಕಾರ್ಖಾನೆಗೆ ಹೋದ ಹೊಲದ ಕಥೆ, ಸತ್ತ ಮೊದಲ ಮಗುವಿನ ಕಥೆ, ಗಂಡ ಮಾತು ಬಿಟ್ಟ ವರ್ಷದ ಕಥೆ. ಆ ಮಗುವಿನ ಹೆಸರು ಹಿಡಿದು ಅಮ್ಮ ಪ್ರಾರ್ಥನೆಯಲ್ಲಿ ಪಿಳ್ಳಮ್ಮನಿಗೆ ಸಮಾಧಾನ ಕೇಳುವುದನ್ನು ನಾನು ಕೇಳಿದ್ದೇನೆ. ನಾವು ಸ್ವಂತ ಮನೆ ಮಾಡಿಕೊಂಡು ಅಲ್ಲಿಂದ ಹೊರಟಾಗ ಪಿಳ್ಳಮ್ಮ ಅಮ್ಮನಿಗೆ ಮಡಿಲು ತುಂಬಿದಳು. ಅಮ್ಮ ಸೆರಗು ಹಿಡಿದು ತಗೊಂಡಳು. ಅಲ್ಲಿಂದಾಚೆ ಪ್ರತಿ ಕ್ರಿಸ್‌ಮಸ್ಸಿಗೆ ಅಮ್ಮ ಬಸ್ಸು ಹತ್ತಿ ಆ ತಟ್ಟೆ ಹಿಡಿದು ಹೋಗಿಬರುತ್ತಿದ್ದಳು, ಮಂಡಿ ನೋವಿದ್ದರೂ ಹೋಗುತ್ತಿದ್ದಳು. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದಳು:

"ಪಿಳ್ಳಮ್ಮಕ್ಕನ ತಟ್ಟೆ ನಿಲ್ಲಿಸ್ಬೇಡ."

ನಾನು ನಿಲ್ಲಿಸಿಲ್ಲ. ಈಗ ಬ್ರೂಕ್‌ಫೀಲ್ಡ್‌ನಲ್ಲಿ ಮಗಳ ಜೊತೆ ಇದ್ದೇನೆ. ನಮ್ಮ ಸಭೆಯ ಹುಡುಗ ಹುಡುಗಿಯರು ಯೇಸುಸ್ವಾಮಿಯ ವಿಷಯ ಹೇಳಲು ಅಪಾರ್ಟ್‌ಮೆಂಟುಗಳಿಗೆ ಹೋಗಿ ಬಂದು, ಯಾರೂ ರೆಸ್ಪಾಂಡೇ ಮಾಡಲ್ಲ ಆಂಟಿ, ವೇಸ್ಟು, ಅಂತ ನನ್ನ ಮುಂದೆ ಮುಖ ಸಣ್ಣದು ಮಾಡುತ್ತಾರೆ. ಅವರ ಮನೇಲಿ ಏನಾದ್ರೂ ತಿಂದ್ರಾ, ಅಂತ ಕೇಳುತ್ತೇನೆ. ಇಲ್ಲ ಆಂಟಿ, ಟೈಮ್ ಇರ್ಲಿಲ್ಲ, ಅನ್ನುತ್ತಾರೆ. ಮತ್ತೆ ಹೋಗಿ, ತಿಂದು ಬನ್ನಿ, ಅವರ ಮಾತು ಕೇಳಿ ಬನ್ನಿ, ಆಮೇಲೆ ವೇಸ್ಟೋ ಅಲ್ಲವೋ ನೋಡೋಣ ಅನ್ನುತ್ತೇನೆ. ಆಂಟಿಗೆ ಇದೊಂದು ಹುಚ್ಚು ಅಂತ ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ನನಗೆ ಕಾಣುತ್ತದೆ. ಕಾಣಲಿ. ನನಗೆ ಈ ಹುಚ್ಚು ಹಿಡಿಸಿದ ಮನೆ ಶೀಟಿನದು, ಅದರ ಕಾವು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಕಳೆದ ಕ್ರಿಸ್‌ಮಸ್ಸಿಗೂ ಹೋದೆ. ಹೆಂಚಿನ ಮನೆಯ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡ, ಮೇಲೆಲ್ಲ ಪೀಜಿ, ಕೆಳಗೆ ಪಿಳ್ಳಮ್ಮನ ಮಗ ಸೊಸೆ. ಒಗೆಯುವ ಕಲ್ಲಿದ್ದ ಕಡೆ ಬೈಕುಗಳು ನಿಂತಿದ್ದವು. ಪಿಳ್ಳಮ್ಮ ದೊಡ್ಡಮ್ಮ ಕಿಟಕಿಯ ಪಕ್ಕ ಮಂಚದ ಮೇಲೆ ಕೂತಿದ್ದಳು, ಮೈ ಒಣಗಿ ಹೋಗಿತ್ತು, ಕಣ್ಣು ಮಾತ್ರ ಅದೇ. ಅಮ್ಮ ಹೋದ ಮೇಲೆ ಪ್ರತಿ ವರ್ಷ ಮಾಡುವ ಹಾಗೆ ಪಕ್ಕದಲ್ಲಿ ಕೂತು, ದೊಡ್ಡಮ್ಮ, ಅಮ್ಮ ಹೇಳ್ತಿದ್ದ ಮಾತು ನಾನೂ ಹೇಳ್ತೀನಿ ಅಂತ ಶುರುಮಾಡಿ, ಸ್ವಾಮಿ ಹುಟ್ಟಿದ ಕಥೆಯನ್ನು ಚಿಕ್ಕದಾಗಿ ಹೇಳಿದೆ. ಎಂದಿನಂತೆ ಪೂರ್ತಿ ಕೇಳಿದಳು. ನೀರಿನ ವಿಷಯ ತೆಗೆಯುತ್ತಾಳೆ ಅಂತ ಕಾದೆ, ತೆಗೆಯಲಿಲ್ಲ. ಒಂದು ಕಲ್‌ಕಲ್ ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ಬಾಯಲ್ಲಿ ನಿಧಾನವಾಗಿ ಕರಗಿಸುತ್ತ ಕೂತಳು.

ನಾನು ಹೊರಟಾಗ ಸೊಸೆ ಲಕ್ಷ್ಮಿ ತಿಂಡಿಯನ್ನು ಡಬ್ಬಿಗೆ ಸುರಿದು, ತಟ್ಟೆ ತೊಳೆದು, ಅದರಲ್ಲಿಡಲು ಬಾಳೆಹಣ್ಣಿನ ಚಿಪ್ಪು ಕೈಗೆತ್ತಿಕೊಂಡಳು.

"ಬ್ಯಾಡ," ಅಂದಳು ಪಿಳ್ಳಮ್ಮ. "ಏನೂ ಇಕ್ಬೇಡ. ಅಂಗೇ ಕೊಡು."

ಲಕ್ಷ್ಮಿಗೆ ಅತ್ತೆಯ ಬುದ್ಧಿ ಕೆಟ್ಟಿತೋ ಅನ್ನುವ ಗಾಬರಿ. "ಅತ್ತೆ, ಖಾಲಿ ತಟ್ಟೆ ಎಂಗ್ ಕೊಡಾದು? ನೀವೇ ಅಲ್ವಾ ಬಯ್ಯಾದು. ಒಂಚೂರು ಸಕ್ರೆನಾದ್ರೂ..."

"ಬ್ಯಾಡ ಅಂದ್ನಲ್ಲ."

ಆಮೇಲೆ ನನ್ನ ಕಡೆ ತಿರುಗಿದಳು.

"ನಿಮ್ಮವ್ವ ಒಂದೇ ಸಮ್ನೆ ಬಡ್ಕತಿದ್ಲಲ್ಲ ನಿಮ್ಮಿ, ತಿರುಗಿಸ್ಬ್ಯಾಡ, ಸುಮ್ನೆ ತಗಾ, ಸುಮ್ನೆ ತಗಾ ಅಂತ. ಈ ಸಲ ಸುಮ್ನೆ ತಗಂಡೆ."

ನನಗೆ ಅಳು ಬಂತು, ಲಕ್ಷ್ಮಿಯ ಮುಂದೆಯೇ ಅತ್ತುಬಿಟ್ಟೆ. ದೇವರಿಗೂ ಪಿಳ್ಳಮ್ಮನಿಗೂ ನಡುವೆ ಏನಾಯಿತು ಅಂತ ಅಳೆಯುವ ತಕ್ಕಡಿ ನನ್ನ ಹತ್ತಿರ ಇಲ್ಲ, ಅಮ್ಮನ ಹತ್ತಿರವೂ ಇರಲಿಲ್ಲ. ಅಮ್ಮ ಇರಬೇಕಿತ್ತು ಅಂತ ಮಾತ್ರ ಅನ್ನಿಸಿತು. ಲಕ್ಷ್ಮಿ ಇನ್ನೂ ಅನುಮಾನದಲ್ಲೇ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದಳು. ಎಸ್ತರ್ ಅನ್ನುವ ಚುಕ್ಕಿಗಳ ಮೇಲೆ ತೊಳೆದ ನೀರು ಇನ್ನೂ ಆರಿರಲಿಲ್ಲ. ಅದರಲ್ಲಿ ಬೇರೇನೂ ಇರಲಿಲ್ಲ.